ಕೆಲಸ ಹುಡುಕೋರ ಪ್ರಶ್ನೆಗಳು: ಯಾರನ್ನ ಕೇಳೋದು, ಎಲ್ಲಿಗೆ ಹೋಗೋದು?

ಈ ಸಲ ಬಂದ ಪತ್ರ, ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಕೆಲಸದ ವಿಷಯವೇ ಇದ್ದಿದ್ರಿಂದ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನೇ ಒಟ್ಟಿಗೆ ತಗೊಂಡಿದ್ದೀನಿ. ಓದ್ತಾ ಓದ್ತಾ ನನಗೆ ಒಂದು ಸ್ಪಷ್ಟವಾಗಿ ಕಾಣಿಸ್ತು. ಯೋಜನೆಗಳ ಹೆಸರು ಎಲ್ರಿಗೂ ಗೊತ್ತು, ವಾಟ್ಸಾಪಲ್ಲಿ ದಿನಾ ಬರುತ್ತೆ, ಆದ್ರೆ ನಮ್ಮೂರಲ್ಲಿ, ನಮ್ಮ ತಾಲ್ಲೂಕಲ್ಲಿ ಯಾವ ಮನುಷ್ಯನ ಮುಂದೆ ಹೋಗಿ ಕೂತು ಮಾತಾಡ್ಬೇಕು ಅನ್ನೋದು ಗೊತ್ತಿಲ್ಲ. ಅದಕ್ಕೇ ಉತ್ತರಗಳಲ್ಲಿ ಆದಷ್ಟು ಆ ಮನುಷ್ಯ ಯಾರು ಅಂತ ಹೇಳೋಕೆ ಪ್ರಯತ್ನಪಟ್ಟಿದ್ದೀನಿ.

ಪ್ರಶ್ನೆ: ಮೇಡಂ, ನಾನು ಐಟಿಐ ಫಿಟ್ಟರ್ ಮುಗ್ಸೀನ್ರಿ, ಮಾರ್ಕ್ಸ್ ಚಲೋನ ಅದಾವು, ಆದ್ರ ಮನ್ಯಾಗ ಕುಂತೀನಿ. ಬೆಂಗಳೂರಾಗ ಕಂಪನಿ ಕೆಲಸ ಕೊಡಸ್ತೀನಿ ಅಂತ ಒಬ್ಬ ಏಜೆಂಟ 15,000 ಕೇಳಾಕತ್ತಾನ. ಅಪ್ಪ ಸಾಲ ಮಾಡಿ ಕೊಡ್ತೀನಿ ಅಂತಾನ. ಕೊಡ್ಲ್ಯಾ? (ರಾಣೆಬೆನ್ನೂರು)

ಬೇಡಪ್ಪ, ಕೊಡ್ಬೇಡ, ಅಪ್ಪನಿಗೂ ಇದನ್ನ ಓದಿ ಹೇಳು. ಕೆಲಸಕ್ಕೆ ತಗೊಳ್ಳೋ ಕಂಪನಿ ಕೆಲಸಗಾರನ ಹತ್ರ ದುಡ್ಡು ಕೇಳಲ್ಲ, ಕೇಳಿದ್ರೆ ಅಲ್ಲೇನೋ ಸರಿಯಿಲ್ಲ ಅಂತ ತಿಳ್ಕೊ. ನಿನ್ನಂಥ ಹುಡುಗ ಮೊದಲು ಹುಡುಕ್ಬೇಕಾಗಿರೋದು ಅಪ್ರೆಂಟಿಸ್ ಸೀಟು, ಅಂದ್ರೆ ಕಂಪನಿಯಲ್ಲೇ ಕೆಲಸ ಕಲಿಯೋ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಇಂತಿಷ್ಟು ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು, ತಿಂಗಳಿಗೆ ಸ್ಟೈಪೆಂಡ್ ಕೊಡಲೇಬೇಕು. 2019ರ ನಿಯಮದಲ್ಲಿ ಐಟಿಐ ಆದವರಿಗೆ ಕನಿಷ್ಠ 7,000, ಡಿಪ್ಲೊಮಾಗೆ 8,000, ಡಿಗ್ರಿಗೆ 9,000 ಅಂತ ನಿಗದಿ ಮಾಡಿದ್ರು, ಕಂಪನಿ ಜಾಸ್ತಿ ಕೊಡಬಹುದು, ಕಮ್ಮಿ ಕೊಡಂಗಿಲ್ಲ.

ನಿಮ್ಮೂರಿಂದ ಟ್ರೈನ್ ಹತ್ತಿದ್ರೆ ಸಿಗೋ ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆಯ ವರ್ಕ್‌ಶಾಪ್ ಇದೆ, ಮೈಸೂರಲ್ಲೂ ಇದೆ. ಅಲ್ಲಿ ಅಪ್ರೆಂಟಿಸ್ ಕರೆದಾಗ ಪರೀಕ್ಷೆ ಇರಲ್ಲ, ಎಸ್ಸೆಸ್ಸೆಲ್ಸಿ ಮತ್ತೆ ಐಟಿಐ ಮಾರ್ಕ್ಸ್ ಸೇರಿಸಿ ಮೆರಿಟ್ ಲಿಸ್ಟ್ ಮಾಡ್ತಾರೆ. ಮಾರ್ಕ್ಸ್ ಚೆನ್ನಾಗಿದೆ ಅಂತೀಯಲ್ಲ, ಹಾಗಿದ್ರೆ ಇದು ನಿನಗೇ ಮಾಡಿಟ್ಟ ಹಾಗಿದೆ. ವಯಸ್ಸು ಸಾಮಾನ್ಯವಾಗಿ 15ರಿಂದ 24, ಮೀಸಲಾತಿ ಇರೋರಿಗೆ ಸಡಿಲಿಕೆ ಇದೆ, ಹಾಗಾಗಿ ಸುಮ್ಮನೆ ದಿನ ಕಳೀಬೇಡ. ಅಪ್ರೆಂಟಿಸ್ ಮುಗಿದ್ಮೇಲೆ ರೈಲ್ವೆಯಲ್ಲೇ ಕೆಲಸ ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ, ಆದ್ರೆ ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಅಲ್ಲಿನ ಲೆವೆಲ್ 1, ಅಂದ್ರೆ ಮೊದಲ ಹಂತದ ಹುದ್ದೆಗಳ ನೇಮಕಾತಿಯಲ್ಲಿ 20 ಪರ್ಸೆಂಟ್ ಮೀಸಲಿದೆ, ಅದು ಸಣ್ಣ ಮಾತಲ್ಲ.

ನೀನು ಓದಿದ ಐಟಿಐಗೇ ವಾಪಸ್ ಹೋಗು. ಪಾಸಾದ್ಮೇಲೆ ಆ ಕಡೆ ತಲೆ ಹಾಕದ ಹುಡುಗರೇ ಜಾಸ್ತಿ, ಆದ್ರೆ ಯಾವ ಕಂಪನಿಯವರು ಫೋನ್ ಮಾಡಿ ಹುಡುಗರು ಬೇಕು ಅಂತ ಕೇಳಿದ್ರು ಅನ್ನೋದು ಗೊತ್ತಿರೋದು ಅಲ್ಲಿನ ಪ್ಲೇಸ್‌ಮೆಂಟ್ ನೋಡ್ಕೊಳ್ಳೋ ಸರ್‌ಗೆ, ನಿನ್ನ ಟ್ರೇಡ್ ಕಲಿಸೋ ಜೆಟಿಓಗೆ (ಜೂನಿಯರ್ ಟ್ರೈನಿಂಗ್ ಆಫೀಸರ್). ಅವರ ಹತ್ರ ನಿನ್ನ ನಂಬರ್ ಬರೆಸಿ, ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಲ್ಲಿ ರಿಜಿಸ್ಟರ್ ಆಗಿದೆಯಾ ಅಂತ ಅವರ ಮುಂದೇನೇ ಚೆಕ್ ಮಾಡಿಸು. ಇನ್ನೊಂದು ಮಾತು, ಹೋಗೋ ಮುಂಚೆ ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರ್ ಕೈಯಲ್ಲಿ ಹಿಡ್ಕೊಂಡು ಮತ್ತೆ ಅಭ್ಯಾಸ ಮಾಡು. ಇಂಟರ್ವ್ಯೂನಲ್ಲಿ ದೊಡ್ಡ ದೊಡ್ಡ ಪ್ರಶ್ನೆ ಕೇಳೋದು ಕಮ್ಮಿ, ಒಂದು ಜಾಬ್ ಪೀಸ್ ಕೈಗೆ ಕೊಟ್ಟು ರೀಡಿಂಗ್ ಹೇಳು ಅಂತಾರೆ, ಮೇನ್ ಸ್ಕೇಲ್ ಎಷ್ಟು, ಯಾವ ಗೆರೆ ಕೂಡ್ತು, ಲೀಸ್ಟ್ ಕೌಂಟ್ 0.02ಆ 0.05ಆ ಅಂತ ಕೇಳ್ತಾರೆ. ಮನೇಲಿ ಕೂತು ಕೂತು ಕೈ ಮರೆತಿರುತ್ತೆ, ಅದು ಅಲ್ಲಿ ಗೊತ್ತಾಗಿಬಿಡುತ್ತೆ.

ಪ್ರಶ್ನೆ: ನನ್ನ ಮಗನಿಗೆ 16 ವರ್ಷ, ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಬ್ಜೆಕ್ಟ್ ಹೋಯ್ತು. ಅವತ್ತಿಂದ ಯಾರ ಜೊತೆನೂ ಮಾತಿಲ್ಲ, ಮೊಬೈಲ್ ಹಿಡ್ಕೊಂಡು ಮಲಗಿರ್ತಾನೆ. ನೆಂಟರ ಮನೆಗೆ ಕರೆದ್ರೂ ಬರಲ್ಲ. ಇವನ ಗತಿ ಏನು ಮೇಡಂ? (ಒಬ್ಬ ತಾಯಿ, ಹಿರಿಯೂರು ತಾಲ್ಲೂಕು)

ಅಮ್ಮ, ಮೊದಲು ಆ ನೆಂಟರ ಮನೆ ವಿಷಯ ಬಿಟ್ಬಿಡಿ. ಅಲ್ಲಿ ಹೋದ್ರೆ ಮಾರ್ಕ್ಸ್ ಎಷ್ಟು ಅಂತಾನೇ ಕೇಳೋದು, ಅವನಿಗೆ ಅದೇ ಭಯ. ಎರಡು ಸಬ್ಜೆಕ್ಟ್ ಹೋಗಿದ್ದಕ್ಕೆ ಗತಿ ಏನು ಅನ್ನೋ ಮಾತು ಅವನ ಕಿವಿಗೆ ಬೀಳ್ದಿರ್ಲಿ.

2024ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಮಾಡ್ತಿದ್ದಾರೆ, ಹೋದ ಸಬ್ಜೆಕ್ಟ್ ಮಾತ್ರ ಬರೆದ್ರೆ ಸಾಕು. ಅವನ ಹೈಸ್ಕೂಲಿಗೆ ನೀವೇ ಹೋಗಿ ಹೆಡ್‌ಮಾಸ್ಟರನ್ನ ಕೇಳಿ, ಫೀಸು ಕಟ್ಟೋ ಕೊನೇ ದಿನ ತಿಳ್ಕೊಂಡು ಬನ್ನಿ. ಅವನು ಬರಲ್ಲ ಅಂದ್ರೂ ಪರವಾಗಿಲ್ಲ, ಈ ಸಲ ನೀವು ಹೋಗಿ.

ಓದು ಸಾಕು ಅಂತ ಅವನೇ ಹೇಳಿದ್ರೂ ದಾರಿ ಇದೆ. ಐಟಿಐ ಅಂದ್ರೆ ಎಸ್ಸೆಸ್ಸೆಲ್ಸಿ ಪಾಸಾಗಿರಲೇಬೇಕು ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ, ಆದ್ರೆ ವೆಲ್ಡರ್, ವೈರ್‌ಮನ್ ಥರದ ಟ್ರೇಡುಗಳಿಗೆ ಎಂಟನೇ ಕ್ಲಾಸ್ ಪಾಸಾಗಿದ್ರೂ ಸೀಟು ಸಿಗುತ್ತೆ. ವೆಲ್ಡರ್ ಒಂದೇ ವರ್ಷದ್ದು. ನಿಮ್ಮ ಹತ್ತಿರದ ಸರ್ಕಾರಿ ಐಟಿಐನಲ್ಲಿ ಯಾವ ಟ್ರೇಡ್ ಇದೆ ಅಂತ ನೋಡಿ. ಸೇರಿಸೋ ಮುಂಚೆ ಒಂದ್ಸಲ ಅವನನ್ನ ಕರ್ಕೊಂಡು ಹೋಗಿ ವರ್ಕ್‌ಶಾಪ್ ತೋರಿಸಿ, ಅವನ ವಯಸ್ಸಿನ ಹುಡುಗರು ಶೀಲ್ಡ್ ಹಿಡ್ಕೊಂಡು ಕೆಲಸ ಮಾಡೋದನ್ನ ನೋಡ್ಲಿ, ನಾವು ಬಾಯಲ್ಲಿ ಹೇಳೋದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತೆ.

ಅವನಿಗೆ 18 ಆದ್ಮೇಲೆ ಇನ್ನೊಂದು ಬಾಗಿಲಿದೆ, ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡೋ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ಶುರು ಮಾಡಿದ್ದು, ಆಮೇಲೆ ಇದೇ ಮಾದರಿಯಲ್ಲಿ ದೇಶದ ಎಲ್ಲಾ ಕಡೆ ಜಿಲ್ಲೆಗೊಂದು ಆರ್‌ಸೆಟಿ ಅನ್ನೋ ತರಬೇತಿ ಕೇಂದ್ರ ಬಂತು. ಊಟ, ವಸತಿ, ತರಬೇತಿ ಎಲ್ಲಾ ಫ್ರೀ. ನಿಮ್ಮ ಕಡೆ ಬೋರ್‌ವೆಲ್ ಇಲ್ಲದ ತೋಟ ಇಲ್ಲ, ಮೋಟರ್ ಸುಟ್ಟೋದ್ರೆ ರೈತರು ಎಲ್ಲಿಗೋ ಹೊತ್ಕೊಂಡು ಹೋಗ್ಬೇಕು, ಅಂಥಾ ಕಡೆ ಮೋಟರ್ ರಿವೈಂಡಿಂಗ್, ಪಂಪ್‌ಸೆಟ್ ರಿಪೇರಿ ಕಲಿತ ಹುಡುಗನಿಗೆ ಕೆಲಸ ಇಲ್ಲ ಅನ್ನೋ ಮಾತೇ ಬರಲ್ಲ. ರುಡ್‌ಸೆಟ್‌ನಲ್ಲಿ ನನಗೆ ತುಂಬಾ ಇಷ್ಟ ಆಗೋದು ಏನಂದ್ರೆ ತರಬೇತಿ ಮುಗಿಸಿ ಕಳಿಸಿ ಸುಮ್ಮನಾಗಲ್ಲ, ಎರಡು ವರ್ಷ ಹಿಂದೆ ಬಿದ್ದು ಏನ್ ಮಾಡ್ತಿದ್ದೀಯ, ಅಂಗಡಿ ಹಾಕಿದ್ಯಾ, ಬ್ಯಾಂಕ್ ಸಾಲ ಆಯ್ತಾ ಅಂತ ವಿಚಾರಿಸ್ತಾರೆ.

ಮಗ ಊಟ, ನಿದ್ದೆ ಪೂರ್ತಿ ಬಿಟ್ಟಿದ್ರೆ, ಸಾಯೋ ಮಾತಾಡಿದ್ರೆ, ಇದ್ಯಾವುದಕ್ಕೂ ಕಾಯಬೇಡಿ, ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ, ಇಲ್ಲಾ 14416ಕ್ಕೆ ಫೋನ್ ಮಾಡಿ, ಟೆಲಿ ಮನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ: ಬಿಕಾಂ ಆಗಿದೆ, ಯುವನಿಧಿ 3,000 ಬರ್ತಿದೆ. ಏನಾದ್ರೂ ಟ್ರೈನಿಂಗಿಗೆ ಸೇರಿದ್ರೆ ದುಡ್ಡು ನಿಂತೋಗುತ್ತಾ? (ಕೆ.ಆರ್. ಪೇಟೆ)

ಯುವನಿಧಿ ಅಂದ್ರೆ ಕೆಲಸ ಸಿಗದೇ ಇರೋರಿಗೆ ಸರ್ಕಾರ ಕೊಡೋ ಭತ್ಯೆ. ತಿಂಗಳಿಗೆ ಡಿಗ್ರಿ ಆದವರಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚಂದ್ರೆ ಎರಡು ವರ್ಷ, ಕೆಲಸ ಸಿಕ್ಕಿದ ತಕ್ಷಣ ಬಂದ್, ಇದು ನಿಯಮ. ಮುಂದಿನ ಓದಿಗೆ ಸೇರಿದ್ರೆ, ಅಪ್ರೆಂಟಿಸ್ ಸ್ಟೈಪೆಂಡ್ ತಗೊಂಡ್ರೆ ನಿಲ್ಲುತ್ತೆ. ಆದ್ರೆ ಯುವನಿಧಿ ತಗೊಳ್ಳೋರಿಗೆ ಕೌಶಲ್ಯ ತರಬೇತಿ ಕೊಡ್ಬೇಕು ಅನ್ನೋದು ಸರ್ಕಾರದ ಉದ್ದೇಶದಲ್ಲೇ ಇದೆ, ಅದಕ್ಕೆ ಹೆದರಬೇಡಿ, ಸೇರೋ ಮುಂಚೆ ಮಂಡ್ಯದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಈ ತರಬೇತಿಗೆ ಸೇರ್ತಿದ್ದೀನಿ ಅಂತ ಕೇಳಿ ಖಾತ್ರಿ ಮಾಡ್ಕೊಳ್ಳಿ. ಇನ್ನೂ ಕೆಲಸ ಸಿಕ್ಕಿಲ್ಲ ಅನ್ನೋ ಸ್ವಯಂ ಘೋಷಣೆ ಟೈಮಿಗೆ ಸರಿಯಾಗಿ ಹಾಕ್ತಿರಿ, ಅದು ತಪ್ಪಿ ದುಡ್ಡು ನಿಂತಿರೋರೇ ಜಾಸ್ತಿ. ಹಾಗಂತ 3,000 ಹೋಗುತ್ತೆ ಅಂತ 14-15 ಸಾವಿರದ ಮೊದಲ ಕೆಲಸ ಬಿಡೋದು ಬೇಡ. ಹೆಣ್ಣುಮಕ್ಕಳಾದ್ರೆ ಇನ್ನೊಂದು ಅನುಕೂಲ, 2023ರ ಜೂನಿಂದ ಬಸ್ಸು ಫ್ರೀ ಇದೆ, ಮಂಡ್ಯವೋ ಮೈಸೂರೋ ದಿನಾ ಹೋಗಿ ಬಂದು ಟ್ಯಾಲಿ, ಜಿಎಸ್‌ಟಿ ಕಲಿಯೋಕೆ ಬಸ್ ಚಾರ್ಜ್ ಅಡ್ಡ ಬರಲ್ಲ.

ಪ್ರಶ್ನೆ: ಅಕ್ಕಾರ, ನಂದು ಸಿಂಧನೂರ ತಾಲ್ಲೂಕ. ಬಿಎ ಮುಗ್ಸಿ ಧಾರವಾಡದಾಗ ಸಪ್ತಾಪುರದಾಗ ರೂಮ್ ಮಾಡ್ಕೊಂಡು ನಾಕ ವರ್ಷ ಆತು, ಪಿಎಸ್‌ಐ, ಎಫ್‌ಡಿಎ ಎಲ್ಲಾ ಬರದೀನಿ, ಸಣ್ಣ ಸಣ್ಣ ಮಾರ್ಕ್ಸಿನಾಗ ಹೋಗಾಕತ್ತೈತಿ. 28 ನಡದೈತಿ. ಅಪ್ಪ ಏನೂ ಅನ್ನಂಗಿಲ್ಲ, ಅದ ಜಾಸ್ತಿ ಸಂಕಟ ಆಕ್ಕೈತಿ. ಬಿಟ್ಟು ಬರ್ಲೋ, ಇನ್ನೊಂದ ಸಲ ನೋಡ್ಲೋ?

ನಿಮ್ಮ ಪತ್ರ ಓದಿ ಸುಮಾರು ಹೊತ್ತು ಏನು ಬರೀಬೇಕು ಅಂತ ಯೋಚ್ನೆ ಮಾಡ್ದೆ, ಯಾಕಂದ್ರೆ ನಿಮ್ಮಂಥವರು ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಸಾವಿರಾರು ಜನ ಇದ್ದಾರೆ, ಬೆಳಿಗ್ಗೆ ಲೈಬ್ರರಿ, ಮಧ್ಯಾಹ್ನ ಮೆಸ್ಸು, ರಾತ್ರಿ ಮತ್ತೆ ಲೈಬ್ರರಿ, ಊರಿಗೆ ಹಬ್ಬಕ್ಕೂ ಹೋಗಲ್ಲ. ಇದನ್ನ ಸೋಮಾರಿತನ ಅನ್ನೋರಿಗೆ ಏನೂ ಗೊತ್ತಿಲ್ಲ. ಪಿಎಸ್‌ಐ 545 ಹುದ್ದೆ ಕಥೆ ನಿಮಗೇ ಗೊತ್ತು, 2021ರ ಅಕ್ಟೋಬರಲ್ಲಿ ಪರೀಕ್ಷೆ ಆಯ್ತು, ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯ್ತು, ಮರುಪರೀಕ್ಷೆ ಆಗೋಷ್ಟೊತ್ತಿಗೆ 2024ರ ಜನವರಿ. ಪ್ರಾಮಾಣಿಕವಾಗಿ ಓದಿದ ಹುಡುಗರ ಎರಡು ವರ್ಷ ಯಾರೋ ಮಾಡಿದ ತಪ್ಪಿಗೆ ಹೋಯ್ತು. ಅದರ ಭಾರ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ.

ಆದ್ರೆ ಪೂರ್ತಿ ದಿನ ಓದೋದನ್ನ ಈಗ ನಿಲ್ಲಿಸಿ ಅಂತಾನೇ ಹೇಳ್ತೀನಿ. ಪರೀಕ್ಷೆ ಬಿಡಿ ಅಂತಲ್ಲ. ಅರ್ಧ ದಿನ ದುಡಿಮೆ, ಅರ್ಧ ದಿನ ಓದು. ನಾಕು ವರ್ಷ ಓದಿದವರಿಗೆ ಹೊಸದಾಗಿ ಓದೋಕೆ ಇರೋದು ಕಮ್ಮಿ, ರಿವಿಷನ್ನು, ಕರೆಂಟ್ ಅಫೇರ್ಸು, ಅದಕ್ಕೆ ದಿನಕ್ಕೆ ನಾಕೈದು ಗಂಟೆ ಸಾಕಾಗುತ್ತೆ. ರೂಮಿನ ಬಾಡಿಗೆ ಅಪ್ಪನ ಭತ್ತದ ದುಡ್ಡಿಂದ ಬರೋದು ನಿಂತ್ರೆ ನಿಮ್ಮ ಎದೆ ಮೇಲಿನ ಕಲ್ಲು ಅರ್ಧ ಇಳಿಯುತ್ತೆ, ಓದಿದ್ದೂ ತಲೆಗೆ ಹತ್ತುತ್ತೆ. ಧಾರವಾಡದಲ್ಲೂ ರುಡ್‌ಸೆಟ್ ಇದೆ, ಕಂಪ್ಯೂಟರ್ ಅಕೌಂಟಿಂಗ್ ಥರದ್ದು ಯಾವಾಗ ಬ್ಯಾಚ್ ಅಂತ ಹೋಗಿ ಕೇಳಿ. ನಿಮಗೆ ಗಣಿತ, ಸಂವಿಧಾನ, ಇತಿಹಾಸ ಬಾಯಿಪಾಠ ಆಗಿರುತ್ತೆ, ಊರ ಕಡೆ ನವೋದಯ, ಮೊರಾರ್ಜಿ ಎಂಟ್ರನ್ಸಿಗೆ ಮಕ್ಕಳಿಗೆ ಪಾಠ ಹೇಳೋರಿಗೆ ಬೇಡಿಕೆ ಇದೆ, ಅದೂ ದುಡಿಮೆನೇ.

ರಾಯಚೂರು ಜಿಲ್ಲೆಯವರಾದ್ರಿಂದ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ 371ಜೆ ವಿಧಿಯ ಅರ್ಹತಾ ಪ್ರಮಾಣ ಪತ್ರ ಮಾಡಿಸಿದ್ದೀರಿ ಅಂದ್ಕೊಳ್ತೀನಿ, ಇಲ್ಲಾಂದ್ರೆ ಅಸಿಸ್ಟೆಂಟ್ ಕಮಿಷನರ್ ಆಫೀಸಿಂದ ಈಗಲೇ ತಗೊಳ್ಳಿ, ಆ ಭಾಗದವರಿಗೇ ಮೀಸಲಿಟ್ಟ ಸ್ಥಳೀಯ ವೃಂದದ ಹುದ್ದೆಗಳಿಗೆ ಅದಿಲ್ದೇ ಆಗಲ್ಲ, ನೋಟಿಫಿಕೇಶನ್ ಬಂದ್ಮೇಲೆ ಓಡಾಡಿದ್ರೆ ಟೈಮ್ ಸಾಲಲ್ಲ. ನಿಮ್ಮ ಕೆಟಗರಿಗೆ ವಯಸ್ಸು ಯಾವ ವರ್ಷಕ್ಕೆ ಮುಗಿಯುತ್ತೆ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕಿ. ಇನ್ನು ಅಪ್ಪನ ವಿಷಯ. ಅವರು ಮಾತಾಡದೇ ಇರೋದು ಸಿಟ್ಟಿಗಲ್ಲ, ಏನು ಕೇಳಿದ್ರೆ ಮಗನಿಗೆ ನೋವಾಗುತ್ತೋ ಅಂತ ಅನ್ಸುತ್ತೆ. ಊರಿಗೆ ಹೋಗಿ, ಎದುರು ಕೂತು, ಹಿಂಗ್ ಮಾಡ್ತೀನಪ್ಪ ಅಂತ ನೀವೇ ಹೇಳಿ.

ಪ್ರಶ್ನೆ: ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಮೊಬೈಲ್ ಫ್ಯಾಕ್ಟರಿ ಇದೆ, ಹೆಣ್ಣುಮಕ್ಕಳನ್ನ ತಗೊಳ್ತಾರೆ. 18 ಸಾವಿರ ಅಂತ ಹೇಳ್ತಾರೆ. ಪಿಯುಸಿ ಆಗಿದೆ, ಮಗುವಿಗೆ ಮೂರು ವರ್ಷ. ಅತ್ತೆ ಬೇಡ ಅಂತಾರೆ, ನಮ್ಮನೆಯವರು ನಿನ್ನಿಷ್ಟ ಅಂತಾರೆ. ಏನೇನು ವಿಚಾರಿಸ್ಬೇಕು? (ಕೋಲಾರ ಜಿಲ್ಲೆ)

ನೀವು ಕೇಳಿರೋ ರೀತಿನೇ ಸರಿಯಾಗಿದೆ ನೋಡಿ, ಹೋಗ್ಲಾ ಬೇಡ್ವಾ ಅಂತ ಕೇಳಿಲ್ಲ, ಏನು ವಿಚಾರಿಸ್ಬೇಕು ಅಂತ ಕೇಳಿದ್ದೀರಿ. ನರಸಾಪುರ, ವೇಮಗಲ್ ಕಡೆ ಈಗ ಸಾವಿರಾರು ಹೆಣ್ಣುಮಕ್ಕಳು ದುಡೀತಿದ್ದಾರೆ.

ಮೊದಲನೇದು, ನನ್ನ ಸಂಬಳ ಕೊಡೋದು ಕಂಪನಿನಾ ಕಾಂಟ್ರಾಕ್ಟರಾ, ಅವನ ಹೆಸರೇನು, ಆಫರ್ ಲೆಟರ್ ಯಾರ ಲೆಟರ್‌ಹೆಡ್ಡಲ್ಲಿ ಬರುತ್ತೆ. 18 ಸಾವಿರ ಅನ್ನೋದು ಗ್ರಾಸಾ, ಅಂದ್ರೆ ಕಡಿತ ಆಗೋ ಮುಂಚಿನದ್ದಾ, ಕೈಗೆ ಬರೋದಾ ಅಂತ ಬಿಡಿಸಿ ಕೇಳಿ. ಬೇಸಿಕ್ 15,000 ಅಂತಿದ್ರೆ ಪಿಎಫ್ 12 ಪರ್ಸೆಂಟ್ ಅಂದ್ರೆ 1,800 ಹೋಗುತ್ತೆ, ಗ್ರಾಸ್ ಮೇಲೆ ಇಎಸ್‌ಐ (ಕಾರ್ಮಿಕರ ವಿಮೆ) 0.75 ಪರ್ಸೆಂಟ್, 135 ರೂಪಾಯಿ, ಉಳಿದಿದ್ದು 16,065. ಕ್ಯಾಂಟೀನಿಗೆ, ಬಸ್ಸಿಗೆ ಹಿಡಿದ್ರೆ ಇನ್ನೂ ಕಮ್ಮಿ. ಪಿಎಫ್ ಹೋಯ್ತಲ್ಲ ಅಂತ ಬೇಜಾರಾಗ್ಬೇಡಿ, ಅಷ್ಟೇ ಮೊತ್ತ ಅವರೂ ಹಾಕ್ಬೇಕು, ಅದು ನಿಮ್ಮ ದುಡ್ಡು. ಇಎಸ್‌ಐ ಕಾರ್ಡಲ್ಲಿ ಅರ್ಹತೆ ಇರೋ ಮನೆಯವರಿಗೂ ಚಿಕಿತ್ಸೆ ಇದೆ, ಮುಂದೆ ಇನ್ನೊಂದು ಮಗು ಆದ್ರೆ 26 ವಾರ ಸಂಬಳದ ರಜೆ ಇದೆ. ಸೇರಿದ ಎರಡನೇ ತಿಂಗಳಿಗೆ ಪಿಎಫ್ ಖಾತೆಯ ಯುಎಎನ್ ನಂಬರ್ ಕೇಳಿ ಪಡ್ಕೊಂಡು ದುಡ್ಡು ನಿಜವಾಗ್ಲೂ ಕಟ್ಟಿದ್ದಾರಾ ಅಂತ ಮೊಬೈಲಲ್ಲಿ ನೋಡಿ. ಹಿಡಿದಿರ್ತಾರೆ, ಕಟ್ಟಿರಲ್ಲ, ಹಂಗೂ ಆಗುತ್ತೆ.

ಶಿಫ್ಟ್ ಯಾವ್ಯಾವುದು, ನೈಟ್ ಶಿಫ್ಟ್ ವಾರಕ್ಕೊಮ್ಮೆ ಬದಲಾಗುತ್ತಾ, ಬಸ್ಸು ನಿಮ್ಮೂರ ಗೇಟಿಗೆ ಬರುತ್ತಾ ಮೇನ್ ರೋಡಿಗಾ, ನಿಂತು ಮಾಡೋ ಕೆಲಸನಾ ಕೂತು ಮಾಡೋದಾ. ಇದನ್ನೆಲ್ಲಾ ಕಾಂಟ್ರಾಕ್ಟರ್ ಕಡೆಯವರನ್ನ ಕೇಳೋದಕ್ಕಿಂತ ನಿಮ್ಮ ಅಕ್ಕಪಕ್ಕದೂರಿಂದ ಈಗಾಗ್ಲೇ ಹೋಗ್ತಿರೋ ಹುಡುಗೀನ ಕೇಳಿ, ಒಂದು ಸಂಜೆ ಅವಳನ್ನ ಮನೆಗೆ ಕರೀರಿ, ಅತ್ತೆ ಮುಂದೇನೇ ಮಾತಾಡ್ಲಿ. ಅತ್ತೆಯವರ ಭಯ ಅರ್ಧ ರಾತ್ರಿ ಓಡಾಟದ್ದು, ಅರ್ಧ ಮಗು ನೋಡ್ಕೊಳ್ಳೋದು ತಮ್ಮ ಮೇಲೇ ಬೀಳುತ್ತೆ ಅನ್ನೋದು, ಎರಡೂ ನ್ಯಾಯವಾದದ್ದೇ. ಮಗುವಿಗೆ ಮೂರಾಗಿದೆ ಅಂದ್ರೆ ಅಂಗನವಾಡಿಗೆ ಕಳಿಸಬಹುದು. ನಿಮ್ಮನೆಯವರಿಗೂ ಒಂದು ಮಾತು ಹೇಳಿ, ನಿನ್ನಿಷ್ಟ ಅಂದ್ರೆ ಸಾಲದು, ನೀವು ಶಿಫ್ಟಲ್ಲಿದ್ದಾಗ ಮಗುಗೆ ಊಟ ಮಾಡಿಸೋದು ಯಾರು ಅಂತಾನೂ ಅವರೇ ಹೇಳ್ಬೇಕು.

ಪ್ರಶ್ನೆ: ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಲ್ಲ, 22 ವರ್ಷ, ಎಸ್ಸೆಸ್ಸೆಲ್ಸಿ ಪಾಸ್. ಚಿತ್ರ ಚೆನ್ನಾಗಿ ಬರೀತಾನೆ. ಯಾವ ಕೆಲಸಕ್ಕೂ ತಗೊಳ್ತಿಲ್ಲ. (ಸಾಗರ)

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂತ ಒಬ್ರು ಇರ್ತಾರೆ, ಅಂಗವಿಕಲರ ವಿಷಯ ನೋಡ್ಕೊಳ್ಳೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಎಂಆರ್‌ಡಬ್ಲ್ಯು ಇರ್ತಾರೆ. ಅವರನ್ನ ಹುಡ್ಕಿ ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಮೊದಲು ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ 4 ಪರ್ಸೆಂಟ್ ಮೀಸಲಾತಿ ಇದೆ. ಬೆಂಗಳೂರಿಗೆ ಕಳಿಸೋ ಧೈರ್ಯ ಇದ್ರೆ ಅಂಗವಿಕಲರಿಗಾಗಿ ಇರೋ ಸಂಸ್ಥೆಗಳಿವೆ, 1959ರಿಂದ ಕೆಲಸ ಮಾಡ್ತಿರೋ ಎಪಿಡಿ, 1997ರ ಸಮರ್ಥನಂ, 1999ರ ಎನೇಬಲ್ ಇಂಡಿಯಾ, ಈ ಮೂರೂ ಕಡೆ ತರಬೇತಿ ಕೊಟ್ಟು ಕೆಲಸಕ್ಕೂ ಸೇರಿಸ್ತಾರೆ. ಸನ್ನೆ ಭಾಷೆ ಬರೋ ಟೀಚರ್ ಇರ್ತಾರಾ, ಉಳ್ಕೊಳ್ಳೋಕೆ ಜಾಗ ಇದೆಯಾ ಅಂತ ಮೊದಲೇ ಕೇಳಿ. ಅವನು ಬರೆದ ಚಿತ್ರಗಳ ಫೋಟೋ ತೆಗೆದು ಒಂದು ಫೈಲ್ ಮಾಡ್ಕೊಂಡು ಹೋಗಿ, ಡಿಸೈನ್, ಡಿಟಿಪಿ ಕಡೆ ಹಾಕೋಕೆ ಅದೇ ಆಧಾರ. ಮಾತಾಡುವಾಗ ನೀವೇ ಅವನ ಪರವಾಗಿ ಎಲ್ಲಾ ಉತ್ತರ ಕೊಟ್ಬಿಡ್ಬೇಡಿ, ಅವನು ಬರೆದು ತೋರಿಸ್ಲಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಊರಲ್ಲಿ ಓದಿದ ಹುಡುಗರು ಕಟ್ಟೆ ಮೇಲೆ ಕೂತಿರೋದು ನೋಡೋಕಾಗ್ತಿಲ್ಲ. ನಮ್ಮಂಥವರು ನಾಲ್ಕು ಜನ ಸೇರಿ ಏನಾದ್ರೂ ಮಾಡೋಕಾಗುತ್ತಾ? (ಗುಂಡ್ಲುಪೇಟೆ ತಾಲ್ಲೂಕು)

ಆಗುತ್ತೆ ಸರ್, ನಿಮ್ಮಂಥವರಿಂದಾನೇ ಆಗೋದು. ನಿಮ್ಮ ಗ್ರಾಮ ಪಂಚಾಯಿತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲೇ ಶುರು ಮಾಡಿ, ಎಷ್ಟೋ ಕಡೆ ಕಂಪ್ಯೂಟರೂ ಇದೆ. ವಾರಕ್ಕೊಂದು ಸಂಜೆ ನೀವು ಅಲ್ಲಿರ್ತೀರಿ ಅಂತ ಊರಿಗೆಲ್ಲಾ ಗೊತ್ತಾಗ್ಲಿ. ನಿಮ್ಮ ಗುಂಡ್ಲುಪೇಟೆಯಲ್ಲೇ ಜಿಟಿಟಿಸಿ ಇದೆ, ಡೆನ್ಮಾರ್ಕ್ ಸರ್ಕಾರದ ಸಹಾಯದಲ್ಲಿ 1972ರಲ್ಲಿ ಬೆಂಗಳೂರಲ್ಲಿ ಶುರುವಾದ ಟೂಲ್ ರೂಮ್ (ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡೋ) ತರಬೇತಿ ಸಂಸ್ಥೆಯ ಶಾಖೆ ಅದು, ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಡಿಪ್ಲೊಮಾ, ಮೂರು ವರ್ಷ ಅಲ್ಲಿ, ಆಮೇಲೆ ಒಂದು ವರ್ಷ ಕಂಪನಿಯಲ್ಲಿ. ಬಿಡದಿಯ ಟೊಯೋಟಾ ತರಬೇತಿ ಶಾಲೆ 2007ರಿಂದ ಬಡ ಗ್ರಾಮೀಣ ಮಕ್ಕಳನ್ನ ಎಸ್ಸೆಸ್ಸೆಲ್ಸಿ ಆದ್ಮೇಲೆ ತಗೊಂಡು ಮೂರು ವರ್ಷ ಅಲ್ಲೇ ಇಟ್ಕೊಂಡು ಕಲಿಸುತ್ತೆ. ಹತ್ತನೇ ಕ್ಲಾಸಿನ ಮಕ್ಕಳನ್ನ ಜನವರಿಯಲ್ಲೇ ಇಂಥಾ ಜಾಗಕ್ಕೆ ಒಂದ್ಸಲ ಕರ್ಕೊಂಡು ಹೋಗಿ ತೋರಿಸಿ, ರಿಸಲ್ಟ್ ಬಂದ್ಮೇಲೆ ಹೇಳಿದ್ರೆ ಅಪ್ಲಿಕೇಶನ್ ಡೇಟ್ ಮುಗಿದಿರುತ್ತೆ.

ಇನ್ನೊಂದು ಕೆಲಸ ಇದೆ, ಅದಕ್ಕೆ ಮೇಷ್ಟ್ರ ತಾಳ್ಮೆನೇ ಬೇಕು. ಹುಡುಗರ ಕಾಗದ ಪತ್ರ ಒಂದೊಂದಾಗಿ ನೋಡಿ. ಮಾರ್ಕ್ಸ್ ಕಾರ್ಡಲ್ಲಿ ಇನಿಶಿಯಲ್ ಮುಂದೆ, ಆಧಾರಲ್ಲಿ ಹಿಂದೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಅಪ್ಪನ ಹೆಸರು ಪೂರ್ತಿ, ಪೋರ್ಟಲ್ ಅದನ್ನ ಒಪ್ಪಲ್ಲ, ಹುಡುಗ ಎರಡು ಸಲ ನೋಡಿ ಕೈ ಬಿಡ್ತಾನೆ. ಇನ್ನೂ ದೊಡ್ಡ ತೊಂದರೆ, ಸೈಬರ್ ಸೆಂಟರಿನವನು ಅರ್ಜಿ ಹಾಕುವಾಗ ತನ್ನದೇ ಮೊಬೈಲ್ ನಂಬರ್, ತನ್ನದೇ ಇಮೇಲ್ ಹಾಕಿಬಿಟ್ಟಿರ್ತಾನೆ, ಒಟಿಪಿ ಅವನಿಗೆ ಹೋಗುತ್ತೆ, ಇಂಟರ್ವ್ಯೂ ಮೆಸೇಜೂ ಅವನಿಗೇ ಹೋಗುತ್ತೆ, ಹುಡುಗ ಮಾತ್ರ ಕರೆ ಬರ್ಲಿಲ್ಲ ಅಂತ ಕಾಯ್ತಿರ್ತಾನೆ. ಒಂದು ನೋಟ್‌ಬುಕ್ ತಗೊಂಡು ಒಬ್ಬೊಬ್ಬರಿಗೆ ಒಂದು ಪುಟ ಮಾಡಿ, ಅವರದೇ ನಂಬರ್, ಅವರದೇ ಇಮೇಲ್, ಎಲ್ಲೆಲ್ಲಿ ಯಾವತ್ತು ಅರ್ಜಿ ಹಾಕಿದ್ರು ಅಂತ ಬರೆಸಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಸಬೇಡಿ, ಅದನ್ನ ಅವರವರೇ ಮನೇಲಿ ಇಟ್ಕೊಳ್ಳಲಿ. ಯಾರಾದ್ರೂ ಕೆಲಸದ ಹೆಸರಲ್ಲಿ ಫೋನಲ್ಲಿ ದುಡ್ಡು ಹಾಕಿಸ್ಕೊಂಡು ಮೋಸ ಮಾಡಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಎಷ್ಟು ಬೇಗ ಮಾಡಿದ್ರೆ ಖಾತೆ ತಡೆಹಿಡಿಯೋ ಅವಕಾಶ ಅಷ್ಟು ಜಾಸ್ತಿ. ಮೊದಲ ಸಲ ಸರ್ಕಾರಿ ಆಫೀಸಿಗೆ ಹೋಗೋ ಹುಡುಗ ಹುಡುಗಿಯರ ಜೊತೆ ನಿಮ್ಮಲ್ಲಿ ಒಬ್ರು ಹೋಗಿ, ಎರಡನೇ ಸಲ ಅವರೇ ಹೋಗ್ತಾರೆ.